ಮಣಿಕರ್ಣಿಕೆಯಿಂದ ಮಣಿಕರ್ಣಿಕೆಗೆ

ಕಾಶಿಯ ಮಣಿಕರ್ಣಿಕಾ ಘಾಟ್‌ನಲ್ಲಿ ಚಿತೆಗಳು ಹಗಲಿರುಳೂ ಉರಿಯುತ್ತವೆ. ಸೌದೆಯ ಒಟ್ಟಿಲುಗಳ ಪಕ್ಕದಲ್ಲೇ ಮಾರ್ಗದರ್ಶಿಗಳ ಹಿಂದೆ ಗುಂಪುಗಳು ಸಾಗುತ್ತವೆ. ಇದೆಲ್ಲ ಎಷ್ಟು ಹಳೆಯದು ಎಂಬ ಪ್ರಶ್ನೆ ಬಂದವರಲ್ಲಿ ಏಳುವುದು ಸಹಜ.

ಕಲ್ಲುಗಳನ್ನು ಕೇಳಿದರೆ ಉತ್ತರ ನಿರಾಸೆ ತಂದೀತು. ಈ ಘಾಟನ್ನು 18ನೇ ಶತಮಾನದಲ್ಲಿ ಜೀರ್ಣೋದ್ಧಾರ ಮಾಡಿಸಿದವರು ಅಹಲ್ಯಾಬಾಯಿ ಹೋಳ್ಕರ್. ಸಮೀಪದ ಈಗಿನ ವಿಶ್ವನಾಥ ದೇವಾಲಯವನ್ನು 1780ರಲ್ಲಿ ಕಟ್ಟಿಸಿದವರೂ ಅವರೇ. ಅದಕ್ಕೆ ಮೊದಲಿದ್ದ ಗುಡಿ 1669ರಲ್ಲಿ ಔರಂಗಜೇಬನ ಆಜ್ಞೆಯಂತೆ ನೆಲಸಮವಾಗಿತ್ತು. ಪಕ್ಕದ ಸಿಂಧಿಯಾ ಘಾಟ್ 19ನೇ ಶತಮಾನದ್ದು. ಅದರ ಅಂಚಿನಲ್ಲಿ ರತ್ನೇಶ್ವರ ಮಹಾದೇವನ ಗುಡಿ ವಾಲಿಕೊಂಡು ನಿಂತಿದೆ.

ಹಾಗಾದರೆ ಇಲ್ಲಿ ಹಳೆಯದು ಯಾವುದು? ನಡಿಗೆ.

16ನೇ ಶತಮಾನದಲ್ಲಿ ಕಾಶಿಯ ಪಂಡಿತ ನಾರಾಯಣ ಭಟ್ಟರು ‘ತ್ರಿಸ್ಥಲೀಸೇತು’ ಎಂಬ ಗ್ರಂಥ ಬರೆದರು. ಕಾಶಿ, ಗಯಾ, ಪ್ರಯಾಗಗಳ ಯಾತ್ರೆಯ ವಿಧಿಗಳು ಅದರಲ್ಲಿವೆ. ಕಾಲದ ಕೇಡಿನಿಂದ ವಿಶ್ವೇಶ್ವರನ ಲಿಂಗ ಬದಲಾಗಿದ್ದರೆ, ಆ ಸ್ಥಳದಲ್ಲಿ ಯಾವ ಲಿಂಗವಿದೆಯೋ ಅದನ್ನೇ ಪೂಜಿಸಬೇಕು. ಲಿಂಗವೇ ಇಲ್ಲದಿದ್ದರೂ ಪ್ರದಕ್ಷಿಣೆ, ನಮಸ್ಕಾರ ಬಿಡಬಾರದು ಎಂಬುದು ಅವರ ತೀರ್ಮಾನ. ಗುಡಿಗಳು ಉರುಳುವುದನ್ನು ಕಂಡ ಊರು ತನಗಾಗಿ ಮಾಡಿಕೊಂಡ ಏರ್ಪಾಡಿದು. ಕಲ್ಲು ಹೋದರೂ ಸುತ್ತು ಉಳಿಯಲಿ ಎಂಬ ಲೆಕ್ಕ. ಅದೇ ಶತಮಾನದಲ್ಲಿ ರೋಮ್‌ನಲ್ಲಿ ಫಿಲಿಪ್ಪೊ ನೇರಿ ಎಂಬ ಪಾದ್ರಿ ಜನರನ್ನು ಗುಂಪು ಕಟ್ಟಿಕೊಂಡು ನಗರದ ಏಳು ಚರ್ಚುಗಳನ್ನು ಸುತ್ತಿಸುತ್ತಿದ್ದರು.

ಕಾಶಿಯ ದೊಡ್ಡ ಸುತ್ತು ಪಂಚಕ್ರೋಶಿ. ಮಣಿಕರ್ಣಿಕೆಯಲ್ಲಿ ಮಿಂದು ಹೊರಟವರು ಕರ್ದಮೇಶ್ವರ, ಭೀಮಚಂಡಿ, ರಾಮೇಶ್ವರ, ಶಿವಪುರ, ಕಪಿಲಧಾರಾಗಳಲ್ಲಿ ತಂಗಿ, ಸುಮಾರು 80 ಕಿ.ಮೀ. ನಡೆದು ಮತ್ತೆ ಮಣಿಕರ್ಣಿಕೆಗೇ ಬರುತ್ತಾರೆ. ಊರಿನೊಳಗೆ ಸಿಗದ ಹಳೆಯ ಕಲ್ಲು ಈ ದಾರಿಯ ಮೊದಲ ತಂಗುದಾಣದಲ್ಲಿ ಸಿಗುತ್ತದೆ. ಕಾಶಿಯ ಸುತ್ತಮುತ್ತ ಉಳಿದಿರುವ ಅತಿ ಹಳೆಯ ಗುಡಿಗಳಲ್ಲಿ ಕರ್ದಮೇಶ್ವರವೂ ಒಂದು.

2021ರ ಡಿಸೆಂಬರ್ 13ರಂದು ವಿಶ್ವನಾಥ ಧಾಮ ಉದ್ಘಾಟನೆಯಾಯಿತು. ಗಂಗೆಯಿಂದ ಗುಡಿಗೆ ನೇರ ದಾರಿ ಬಂತು. ಅದಕ್ಕಾಗಿ ಹಲವು ಮನೆಗಳೂ ಗಲ್ಲಿಗಳೂ ಹೋದವು. ಗುಡಿ ಹೋದರೆ ನಿಂತಲ್ಲೇ ಪ್ರದಕ್ಷಿಣೆ ಹಾಕಬಹುದು ಎಂದು ನಾರಾಯಣ ಭಟ್ಟರು ದಾರಿ ತೋರಿದ್ದರು. ಗಲ್ಲಿಯೇ ಹೋದರೆ ಏನು ಮಾಡಬೇಕು? ಆ ಪ್ರಶ್ನೆ ನಮ್ಮ ಕಾಲದ್ದು.

ಪಂಚಕ್ರೋಶಿ ಮುಗಿಸಿದವರು ಇಂದಿಗೂ ಸಾಕ್ಷಿ ವಿನಾಯಕನ ಗುಡಿಗೆ ಹೋಗುತ್ತಾರೆ. ಇವರು ನಡೆದದ್ದು ನಿಜ ಎಂದು ಸಾಕ್ಷಿ ಹೇಳುವುದು ಆ ದೇವರ ಕೆಲಸ.