ಬುಟ್ಟಿಯ ಬೆಲೆ: ಕಾಳೀ ತೀರದ ಬಿದಿರಿನ ಒಂದು ಲೆಕ್ಕ

ಷಟ್‌ಲೇಶ್ಯೆಗಳ ದೃಷ್ಟಾಂತವನ್ನು ಕೇಳದ ಜೈನ ಕುಟುಂಬ ವಿರಳ. ಅನೇಕ ಬಸದಿಗಳಲ್ಲಿ ಅದರ ಚಿತ್ರವನ್ನೂ ಕಾಣಬಹುದು. ಆಚಾರ್ಯ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದ ಜೀವಕಾಂಡದಲ್ಲಿ ಇದನ್ನು ಸೂಚಿಸಿದ್ದಾರೆ. ಕಾಡಿನಲ್ಲಿ ದಾರಿ ತಪ್ಪಿ ಹಸಿದ ಆರು ಜನ ಪಥಿಕರಿಗೆ ಹಣ್ಣು ತುಂಬಿದ ಮರವೊಂದು ಕಾಣುತ್ತದೆ. ಒಬ್ಬನು ಮರವನ್ನು ಬೇರುಸಹಿತ ಕೀಳಬೇಕೆನ್ನುತ್ತಾನೆ. ಎರಡನೆಯವನು ಕಾಂಡವನ್ನು ಕಡಿದರೆ ಸಾಕೆನ್ನುತ್ತಾನೆ. ಮೂರನೆಯವನಿಗೆ ದೊಡ್ಡ ಕೊಂಬೆ, ನಾಲ್ಕನೆಯವನಿಗೆ ಸಣ್ಣ ರೆಂಬೆ ಸಾಕು. ಐದನೆಯವನು ಹಣ್ಣನ್ನು ಮಾತ್ರ ಬಿಡಿಸಿಕೊಳ್ಳುತ್ತಾನೆ. ಆರನೆಯವನು ತಾನಾಗಿ ಉದುರಿದ ಹಣ್ಣನ್ನು ಆಯ್ದುಕೊಳ್ಳುತ್ತಾನೆ. ಆರೂ ಜನರ ಹಸಿವು ಒಂದೇ, ಅವರಿಗೆ ದೊರೆಯುವ ಹಣ್ಣೂ ಒಂದೇ. ಅವರು ಹೊರಟುಹೋದ ಮೇಲೆ ಮರದಲ್ಲಿ ಏನು ಉಳಿಯುತ್ತದೆ ಎಂಬುದರಲ್ಲಿ ಮಾತ್ರ ಭೇದವಿದೆ.

ಈ ದೃಷ್ಟಾಂತವು ಪರಿಣಾಮಗಳ ಶುದ್ಧಿಯನ್ನು ಕುರಿತದ್ದು. ಆದರೂ ಮರಗಿಡಗಳಿಂದ ವಸ್ತುವನ್ನು ಪಡೆದು ಬದುಕುವ ಸಮಾಜಕ್ಕೆ ಅದು ಲೌಕಿಕ ವ್ಯವಹಾರದ ಅಳತೆಗೋಲೂ ಆಗಬಲ್ಲುದು. ಮನುಷ್ಯನು ಧಾನ್ಯವನ್ನು ಕೂಡಿಡಲು ಕಲಿತಂದಿನಿಂದ ಅದನ್ನು ತುಂಬಲು ಒಂದು ಪಾತ್ರೆಯನ್ನೂ ಹುಡುಕಿದ್ದಾನೆ. ಮಡಕೆ ಭಾರ, ಲೋಹ ದುಬಾರಿ. ಆದಕಾರಣ ಕಾಡಿನ ಸಮೀಪದ ಜನರು ಎಲ್ಲ ದೇಶಗಳಲ್ಲಿಯೂ ಮರದ ತೊಗಟೆ, ಬಳ್ಳಿ, ಹುಲ್ಲು, ಬಿದಿರುಗಳಿಂದಲೇ ಚೀಲವನ್ನೂ ಬುಟ್ಟಿಯನ್ನೂ ಮಾಡಿಕೊಂಡರು.

ನಮ್ಮ ಪಶ್ಚಿಮ ಘಟ್ಟಗಳಲ್ಲಿ ಜಗುರಿ ಅಥವಾ ಅಜ್ಜನಪಟ್ಟೆ ಎಂಬ ದೊಡ್ಡ ಮರವಿದೆ. ಇದರ ಕಾಂಡವನ್ನೋ ದಪ್ಪ ಕೊಂಬೆಯನ್ನೋ ಚೀಲದ ಉದ್ದಕ್ಕೆ ಕತ್ತರಿಸಿ, ಚೆನ್ನಾಗಿ ಬಡಿದು, ಒಳತೊಗಟೆಯನ್ನು ಅಂಗಿಯನ್ನು ತಿರುವಿದಂತೆ ತಿರುವಿ ತೆಗೆಯುತ್ತಿದ್ದರು. ತಳಕ್ಕೆ ಮರದ ಒಂದು ಬಿಲ್ಲೆಯನ್ನು ಉಳಿಸಿದರೆ ಹೊಲಿಗೆಯೇ ಇಲ್ಲದ ಅಕ್ಕಿಯ ಚೀಲ ಸಿದ್ಧವಾಗುತ್ತಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಮುಂಬಯಿ ಇಲಾಖೆಯ ಸಸ್ಯಜ್ಞ ಡಾಲ್ಜೆಲ್ ಅವರು ಇದಕ್ಕೆ ಇಟ್ಟ ಸಸ್ಯಶಾಸ್ತ್ರೀಯ ಹೆಸರಿನಲ್ಲಿಯೇ ಚೀಲವೆಂಬ ಅರ್ಥ ಅಡಗಿತ್ತು. ಚೀಲವೇನೋ ಗಟ್ಟಿ; ಆದರೆ ಒಂದೊಂದು ಚೀಲಕ್ಕೂ ಕಾಂಡದ ಅಥವಾ ಕೊಂಬೆಯ ಒಂದೊಂದು ತುಂಡು ಬೇಕಾಗುತ್ತಿತ್ತು.

ತೊಗಟೆಯನ್ನೇ ಬಳಸಿದ ಇನ್ನೊಂದು ನಾಡು ಜಪಾನ್. ಅಲ್ಲಿಯ ಫುಕುಶಿಮಾ ಪ್ರಾಂತದ ಮಿಶಿಮಾ ಎಂಬ ಹಿಮಪ್ರದೇಶದ ಊರಿನಲ್ಲಿ ಕಾಡುದ್ರಾಕ್ಷಿಯ ಬಳ್ಳಿಯ ತೊಗಟೆಯಿಂದ ಕೈಬುಟ್ಟಿಗಳನ್ನು ಹೆಣೆಯುತ್ತಾರೆ. ಈ ತೊಗಟೆ ವರ್ಷದ ಯಾವ ದಿನದಲ್ಲಾದರೂ ದೊರೆಯುವಂಥದಲ್ಲ. ಮುಂಗಾರಿನ ಆರಂಭದಲ್ಲಿ ಬಳ್ಳಿಗೆ ರಸವೇರುವ ಕೆಲವೇ ದಿನಗಳಲ್ಲಿ ಅದನ್ನು ಸುಲಿಯಬೇಕು. ಬಳಿಕ ಒಣಗಿಸಿ, ಹಿಮ ಮುಚ್ಚಿ ಹೊಲದ ಕೆಲಸ ನಿಂತ ಚಳಿಗಾಲದಲ್ಲಿ ಹೆಣೆಯಬೇಕು. ಹೀಗೆ ಋತುವೇ ಕೊಯ್ಲಿಗೆ ಮಿತಿಯನ್ನು ಹಾಕುತ್ತದೆ. ಜಪಾನ್ ಸರ್ಕಾರವು 1974ರಲ್ಲಿ ಪರಂಪರಾಗತ ಕೈಕಸುಬುಗಳ ಪೋಷಣೆಗಾಗಿ ಒಂದು ಕಾನೂನನ್ನು ಮಾಡಿತು. ನಿತ್ಯಬಳಕೆಯ ವಸ್ತುವಾಗಿರಬೇಕು, ಮುಖ್ಯ ಕೆಲಸವೆಲ್ಲ ಕೈಯಿಂದಾಗಬೇಕು, ವಿಧಾನವೂ ಮೂಲದ್ರವ್ಯವೂ ಬಹುಕಾಲದಿಂದ ಬಂದವಾಗಿರಬೇಕು ಎಂಬವು ಅದರ ನಿಬಂಧನೆಗಳು. ಮಿಶಿಮಾದ ಹೆಣಿಗೆಗೆ 2003ರಲ್ಲಿ ಈ ಮನ್ನಣೆ ದೊರೆಯಿತು. ಅಲ್ಲಿಯ ಕಾನೂನು ಕುಶಲಿಯ ಕೈಯನ್ನೂ ಅವನು ಬಳಸುವ ದ್ರವ್ಯವನ್ನೂ ಒಂದೇ ಸೂತ್ರದಲ್ಲಿ ಕಂಡಿತೆಂಬುದು ಗಮನಾರ್ಹ.

ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಭಾಗಗಳಲ್ಲಿ ಈ ಸ್ಥಾನ ಬಿದಿರಿನದು. ಪೂರ್ವದ ಒಣಸೀಮೆಯ ಎಲೆಯುದುರುವ ಕಾಡುಗಳಲ್ಲಿ ಕಿರುಬಿದಿರು, ತೇವ ಹೆಚ್ಚಿದ ಕಣಿವೆಗಳಲ್ಲಿ ಮುಳ್ಳುಳ್ಳ ಹೆಬ್ಬಿದಿರು ಬೆಳೆಯುತ್ತವೆ. ಬತ್ತ ತುಂಬುವ ಕಣಜ, ಕೇರುವ ಮೊರ, ಜರಡಿ, ಗೊಬ್ಬರ ಹೊರುವ ಬುಟ್ಟಿ, ಮಗುವಿನ ತೊಟ್ಟಿಲು, ಬಸದಿಯ ಹೂವಿನ ಬುಟ್ಟಿ ಇವೆಲ್ಲ ಬಿದಿರಿನಿಂದಲೇ ಆಗುತ್ತಿದ್ದವು. ಇವನ್ನು ಹೆಣೆದು ಮಾರಿ ಬದುಕಿದವರು ಮೇದಾರರು. ಧಾರವಾಡದ ಕಡೆ ಇವರನ್ನು ಬುರುಡರೆಂದೂ ಕರೆಯುತ್ತಾರೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಮೇದಾರ ಕೇತಯ್ಯನವರಿದ್ದರೆಂಬುದು ಈ ಕಸುಬಿನ ಪ್ರಾಚೀನತೆಗೆ ಸಾಕ್ಷಿ.

ಬಿದಿರು ಮರದಂತೆ ಕಂಡರೂ ಜಾತಿಯಿಂದ ಹುಲ್ಲು. ಅದರ ಜೀವ ನೆಲದೊಳಗಿನ ಗೆಡ್ಡೆಯಲ್ಲಿದೆ. ಪ್ರತಿ ಮಳೆಗಾಲದಲ್ಲಿ ಮೆಳೆಯಿಂದ ಹೊಸ ಕಳಲೆಗಳು ಮೂಡಿ, ಕೆಲವೇ ತಿಂಗಳುಗಳಲ್ಲಿ ಪೂರ್ಣ ಎತ್ತರಕ್ಕೆ ಏರುತ್ತವೆ. ಆದ್ದರಿಂದ ಮೆಳೆಯಲ್ಲಿ ತಕ್ಕ ಗಳಗಳನ್ನು ಆರಿಸಿ ಕಡಿದು ಉಳಿದವನ್ನು ಬಿಟ್ಟರೆ ಮೆಳೆ ಸಾಯುವುದಿಲ್ಲ. ಮೇದಾರನಿಗೆ ಬೇಕಾದುದು ಹಸಿಯಾಗಿ, ಗಂಟು ದೂರವಾಗಿ, ನೇರವಾಗಿ ಸೀಳುವ ಗಳ. ಅದನ್ನು ದಬ್ಬೆಗಳಾಗಿ ಸೀಳಿ, ಗಟ್ಟಿಯಾದ ಹೊರಪದರವನ್ನು ಮುಖ್ಯ ಹೆಣಿಗೆಗೂ ಮೆದುವಾದ ಒಳಪದರವನ್ನು ಒರಟು ಕೆಲಸಕ್ಕೂ ಬಳಸುತ್ತಾನೆ. ಒಂದು ಗಳದಿಂದ ಹಲವು ದಿನಗಳ ಕೆಲಸ ಹುಟ್ಟುತ್ತದೆ. ದ್ರವ್ಯ ಅಲ್ಪ, ಶ್ರಮ ಅಧಿಕ ಎಂಬುದೇ ಈ ಕಸುಬಿನ ಲಕ್ಷಣ.

ಈ ಕಾಡಿನ ಚರಿತ್ರೆಯು 1950ರ ದಶಕದಲ್ಲಿ ಹೊಸ ತಿರುವನ್ನು ಪಡೆಯಿತು. 1955ರಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಸಂಸ್ಥೆಯು ಸ್ಥಾಪಿತವಾಗಿ, 1959ರಲ್ಲಿ ಕಾಳೀ ನದಿಯ ದಡದ ದಾಂಡೇಲಿಯಲ್ಲಿ ಕಾಗದದ ಉತ್ಪಾದನೆ ಆರಂಭವಾಯಿತು. ಸ್ವತಂತ್ರ ಭಾರತಕ್ಕೆ ಕಾಗದ ಬೇಕಾಗಿತ್ತು. ಹಿಂದುಳಿದ ಜಿಲ್ಲೆಗೆ ಕೈಗಾರಿಕೆ ಬೇಕಾಗಿತ್ತು. ಸಾವಿರಾರು ಜನರಿಗೆ ಉದ್ಯೋಗ ದೊರೆತು ದಾಂಡೇಲಿ ಒಂದು ಪಟ್ಟಣವಾಗಿ ಬೆಳೆಯಿತು. ಮಕ್ಕಳ ಪಠ್ಯಪುಸ್ತಕಗಳಿಗೂ ಕಚೇರಿಗಳ ಕಡತಗಳಿಗೂ ಕಾಗದ ಒದಗಿತು. ಇದನ್ನು ಮರೆತು ಮಾತನಾಡುವುದು ನ್ಯಾಯವಲ್ಲ.

ಆದರೆ ವ್ಯಾಪಾರದ ದೃಷ್ಟಿಯಿಂದ ಪರಿಶೀಲಿಸಬೇಕಾದ ಅಂಶವೊಂದಿದೆ. ಕೈಗಾರಿಕೆಯನ್ನು ಆಕರ್ಷಿಸುವುದಕ್ಕಾಗಿ ಸರ್ಕಾರವು ಕಾಡಿನ ಬಿದಿರನ್ನು ಗಿರಣಿಗೆ ಟನ್ನಿಗೆ 1 ರೂಪಾಯಿ 50 ಪೈಸೆಯಂತೆ ಒದಗಿಸಲು ಒಪ್ಪಿತು. ಒಂದು ಗಳದ ತೂಕವನ್ನು 5 ಕಿಲೋಗ್ರಾಂ ಎಂದು ಇಟ್ಟುಕೊಂಡರೂ ಟನ್ನಿಗೆ 200 ಗಳಗಳಾಗುತ್ತವೆ. ಎಂದರೆ ಒಂದು ಗಳಕ್ಕೆ ಬಿದ್ದ ಬೆಲೆ ಮುಕ್ಕಾಲು ಪೈಸೆ. ಅದೇ ಕಾಡಿನ ಅಂಚಿನಲ್ಲಿದ್ದ ಮೇದಾರನು ಪೇಟೆಯಲ್ಲಿ ಕೊಂಡ ಬಿದಿರಿಗೆ ಇದರ ಎಷ್ಟೋ ಪಟ್ಟು ಹಣವನ್ನು ತೆರಬೇಕಾಗಿತ್ತು. ಒಂದೇ ಸರಕಿಗೆ ದೊಡ್ಡ ಗಿರಾಕಿಗೆ ಒಂದು ದರ, ಬಡ ಗಿರಾಕಿಗೆ ಇನ್ನೊಂದು ದರ. ಹೆಚ್ಚು ಕೊಳ್ಳುವವನಿಗೆ ಸ್ವಲ್ಪ ರಿಯಾಯಿತಿ ಕೊಡುವುದು ಪೇಟೆಯ ರೂಢಿ. ಆದರೆ ಇಷ್ಟೊಂದು ಅಂತರವನ್ನು ರಿಯಾಯಿತಿ ಎಂದು ಕರೆಯಲಾಗದು.

ಅಗ್ಗವಾಗಿ ದೊರೆತ ವಸ್ತುವನ್ನು ಮನುಷ್ಯನು ಕಾಪಾಡುವುದಿಲ್ಲ. ಕಾಡಿನಲ್ಲಿ ಇರುವ ಬಿದಿರಿನ ಅಂದಾಜೇ ವಾಸ್ತವಕ್ಕಿಂತ ಬಹಳ ಹೆಚ್ಚಾಗಿತ್ತು. ಗುತ್ತಿಗೆಯ ಕಡಿತದಲ್ಲಿ ಗಳವನ್ನು ಆರಿಸುವ ತಾಳ್ಮೆಗಿಂತ ಟನ್ನಿನ ಲೆಕ್ಕವೇ ಮುಖ್ಯವಾಯಿತು. ಸಮೀಪದ ಮೆಳೆಗಳು ಕ್ಷೀಣಿಸಿದಾಗ ಗಿರಣಿಯು ದೂರದ ಕಾಡುಗಳಿಂದಲೂ ಹೊರರಾಜ್ಯಗಳಿಂದಲೂ ಬಿದಿರನ್ನು ತರಿಸಬಲ್ಲುದಾಗಿತ್ತು; ಮುಂದೆ ನೀಲಗಿರಿ, ಅಕೇಶಿಯಾ, ಗಾಳಿ ಮೊದಲಾದ ನೆಡುತೋಪಿನ ಮರಗಳತ್ತ ತಿರುಗಬಲ್ಲುದಾಗಿತ್ತು. ಮೇದಾರನಿಗೆ ತಿರುಗಲು ಬೇರೆ ಕಾಡಿರಲಿಲ್ಲ.

1970ರ ದಶಕದಲ್ಲಿ ಬಿದಿರು ಸಿಗದೆ ಕಂಗೆಟ್ಟ ಬುಟ್ಟಿ ಹೆಣೆಯುವವರ ದೂರು ರಾಜ್ಯ ಸರ್ಕಾರವನ್ನು ಮುಟ್ಟಿತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಮಾಧವ ಗಾಡ್ಗೀಳರೂ ಅವರ ಸಹೋದ್ಯೋಗಿ ಎಸ್. ಎನ್. ಪ್ರಸಾದರೂ ಈ ಕಾಡುಗಳಲ್ಲಿ ಅಧ್ಯಯನ ನಡೆಸಿದರು. ಕರ್ನಾಟಕದ ಬಿದಿರಿನ ಸಂರಕ್ಷಣೆಯ ಬಗ್ಗೆ ಅವರ ವರದಿ 1981ರಲ್ಲಿ ಹೊರಬಂದಿತು. ಅವರು ಕಂಡ ಒಂದು ಸಂಗತಿ ವಿಚಾರಾರ್ಹವಾಗಿದೆ. ಮೆಳೆಯ ಬುಡದ ಮುಳ್ಳುಪೊದರು ಬೆಳವಣಿಗೆಗೆ ಅಡ್ಡಿಯೆಂದು ಭಾವಿಸಿ ಅರಣ್ಯ ಇಲಾಖೆ ಅದನ್ನು ಸವರಿಸುತ್ತಿತ್ತು. ಹಳ್ಳಿಯವರು ಮಾತ್ರ ಅದು ಹಾನಿಯೆಂದು ಹೇಳುತ್ತ ಬಂದಿದ್ದರು. ಮುಳ್ಳು ಹೋದ ಮೇಲೆ ಎಳೆಯ ಕಳಲೆಗಳು ದನಗಳಿಗೂ ಕಾಡುಪ್ರಾಣಿಗಳಿಗೂ ಸುಲಭದ ತುತ್ತಾಗಿ, ಹೊಸ ಗಳಗಳೇ ಏಳದಾಗುವುದನ್ನು ಅಧ್ಯಯನವು ತೋರಿಸಿತು. ಓದು ಬರಹವಿಲ್ಲದವರ ಅನುಭವ ಸರಿಯಾಗಿತ್ತು; ಅದನ್ನು ಕೇಳುವವರಿರಲಿಲ್ಲ.

ಶ್ರಾವಕಾಚಾರದ ದೃಷ್ಟಿಯಿಂದ ಇಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ಗೃಹಸ್ಥನು ಸ್ಥಾವರಹಿಂಸೆಯನ್ನು ಪೂರ್ಣವಾಗಿ ಬಿಡಲಾರನು. ಆದರೆ ನಿಷ್ಪ್ರಯೋಜನವಾಗಿ ಗಿಡಮರಗಳನ್ನು ಕಡಿಯುವುದು ಪ್ರಮಾದಚರ್ಯೆಯೆಂದೂ ಅದು ಅನರ್ಥದಂಡದ ಒಂದು ಭೇದವೆಂದೂ ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ತಿಳಿಸಿದ್ದಾರೆ. ಹಾಗಾದರೆ ಕಾಡಿನಲ್ಲಿ ಬಿದ್ದು ಕೊಳೆತ ಗಳಗಳ, ತುಳಿದು ನಾಶವಾದ ಕಳಲೆಗಳ ಲೆಕ್ಕ ಯಾವ ಪುಟಕ್ಕೆ ಸೇರಬೇಕು? ಎರಡನೆಯದಾಗಿ, ಕರ್ಮಬಂಧವು ತಾನೇ ಮಾಡಿದವನಿಗೆ ಮಾತ್ರವಲ್ಲ, ಮಾಡಿಸಿದವನಿಗೂ ಅನುಮೋದಿಸಿದವನಿಗೂ ಉಂಟು. ಕೃತ, ಕಾರಿತ, ಅನುಮೋದನ ಎಂಬ ಈ ವಿಭಾಗವು ವರ್ತಕ ಸಮಾಜಕ್ಕೆ ವಿಶೇಷವಾಗಿ ಅನ್ವಯಿಸುತ್ತದೆ. ಏಕೆಂದರೆ ವರ್ತಕನು ಕೊಡಲಿಯನ್ನು ಹಿಡಿಯುವುದು ಅಪರೂಪ. ಅವನು ಬೆಲೆಯನ್ನು ಕಟ್ಟುತ್ತಾನೆ, ಆ ಬೆಲೆಯು ಕೊಡಲಿಯನ್ನು ನಡೆಸುತ್ತದೆ.

ಶಾಸ್ತ್ರದಾನವನ್ನು ಮಹಾಪುಣ್ಯವೆಂದು ಭಾವಿಸುವ ಸಮಾಜವು ಕಾಗದವನ್ನು ನಿಂದಿಸಲಾರದು, ನಿಂದಿಸಬೇಕಾಗಿಯೂ ಇಲ್ಲ. ತಾಳೆಗರಿಯ ಕಾಲದಲ್ಲಿ ಕೆಲವರಿಗೆ ಮಾತ್ರ ದೊರೆತ ಗ್ರಂಥಗಳು ಕಾಗದದಿಂದಲೇ ಮನೆಮನೆಗೆ ಬಂದವು. ಆದರೆ ಒಂದು ಸಾರಿ ಓದಿ ಎಸೆಯುವ ವೈಭವದ ಆಮಂತ್ರಣಪತ್ರಿಕೆಗೂ ತಲೆಮಾರುಗಳು ಓದುವ ಗ್ರಂಥಕ್ಕೂ ಒಂದೇ ಕಾಡು ಸವೆದಿದೆ ಎಂಬ ಅರಿವು ಇರಬೇಕು. ಪರಿಗ್ರಹ ಪರಿಮಾಣವು ಚಿನ್ನ, ಭೂಮಿಗಳಿಗೆ ಮಾತ್ರ ಸೀಮಿತವಾದ ವ್ರತವಲ್ಲ.

ಕಾನೂನು ನಿಧಾನವಾಗಿಯಾದರೂ ದಾರಿಯನ್ನು ಬದಲಿಸಿದೆ. 1988ರ ರಾಷ್ಟ್ರೀಯ ಅರಣ್ಯ ನೀತಿಯು ಕೈಗಾರಿಕೆಗಳಿಗೆ ರಿಯಾಯಿತಿ ದರದಲ್ಲಿ ಅರಣ್ಯೋತ್ಪನ್ನವನ್ನು ಕೊಡುವ ಪದ್ಧತಿ ನಿಲ್ಲಬೇಕೆಂದಿತು. 1927ರ ಭಾರತೀಯ ಅರಣ್ಯ ಕಾಯಿದೆಯಲ್ಲಿ ಬಿದಿರನ್ನು ಮರವೆಂದು ಎಣಿಸಲಾಗಿತ್ತು; 2006ರ ಅರಣ್ಯ ಹಕ್ಕು ಕಾಯಿದೆಯು ಅದನ್ನು ಕಿರು ಅರಣ್ಯ ಉತ್ಪನ್ನವೆಂದು ಗುರುತಿಸಿ ಅರಣ್ಯವಾಸಿಗಳ ಹಕ್ಕನ್ನು ಮನ್ನಿಸಿತು. ನೆರೆಯ ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯ ಮೆಂಢಾ-ಲೇಖಾ ಗ್ರಾಮವು 2009ರಲ್ಲಿ ಸಾಮುದಾಯಿಕ ಅರಣ್ಯ ಹಕ್ಕನ್ನು ಪಡೆದು, 2011ರಲ್ಲಿ ತನ್ನ ಕಾಡಿನ ಬಿದಿರನ್ನು ತಾನೇ ಮಾರುವ ಅಧಿಕಾರವನ್ನೂ ಪಡೆಯಿತು. 2017ರ ತಿದ್ದುಪಡಿಯು ಅರಣ್ಯದ ಹೊರಗೆ ಬೆಳೆದ ಬಿದಿರನ್ನು ಮರದ ವ್ಯಾಖ್ಯೆಯಿಂದ ತೆಗೆಯಿತು. ಈಗ ಸ್ವಂತ ಜಮೀನಿನಲ್ಲಿ ಬಿದಿರನ್ನು ಬೆಳೆಸುವವನಿಗೆ ಹಿಂದಿನ ತೊಡಕು ಬಹುಮಟ್ಟಿಗೆ ಇಲ್ಲ.

ಕಾನೂನು ಬಂದರೂ ಕೊಳ್ಳುವವರಿಲ್ಲದೆ ಕಸುಬು ಉಳಿಯದು. ಇಂದು ಕಣಜದ ಸ್ಥಾನದಲ್ಲಿ ತಗಡಿನ ಡಬ್ಬಿಯೂ ಹೂಬುಟ್ಟಿಯ ಸ್ಥಾನದಲ್ಲಿ ಪ್ಲಾಸ್ಟಿಕ್ ತಟ್ಟೆಯೂ ಬಂದಿವೆ. ಈ ವಿಷಯದಲ್ಲಿ ಬಸದಿಗಳ ಆಡಳಿತ ಮಂಡಳಿಗಳು ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಪಂಚಕಲ್ಯಾಣ, ಆರಾಧನೆ, ಸಾಮೂಹಿಕ ಭೋಜನಗಳಿಗೆ ಬೇಕಾಗುವ ಬುಟ್ಟಿ, ಮೊರ, ತಟ್ಟೆಗಳನ್ನು ಸಮೀಪದ ಮೇದಾರ ಕುಟುಂಬಗಳಿಂದಲೇ ಕೊಳ್ಳಬಹುದು. ಹಸಿ ಗಳವನ್ನು ಹುಡುಕಿ ಹೆಣೆಯಲು ಅವರಿಗೆ ಸಮಯ ಬೇಕಾದ್ದರಿಂದ ಎರಡು ಮೂರು ತಿಂಗಳು ಮುಂಚಿತವಾಗಿ ಹೇಳಿ, ಅರ್ಧ ಹಣವನ್ನು ಮುಂಗಡವಾಗಿ ಕೊಡಬಹುದು. ಬಸದಿಗೆ ಸೇರಿದ ಪಾಳು ಭೂಮಿಯ ಅಂಚಿನಲ್ಲಿ ಹತ್ತಾರು ಬಿದಿರ ಮೆಳೆಗಳನ್ನು ಬೆಳೆಸಿ, ವರ್ಷಕ್ಕೆ ಇಷ್ಟೇ ಗಳವೆಂಬ ಮಿತಿಯೊಡನೆ ಅವರಿಗೆ ಕೊಡಬಹುದು.

ಎಲ್ಲಕ್ಕಿಂತ ಸುಲಭವಾದುದು ಇನ್ನೊಂದಿದೆ: ಸಂತೆಯಲ್ಲಿ ಬುಟ್ಟಿಗೆ ಹೇಳಿದ ಬೆಲೆಯನ್ನು ಚೌಕಾಸಿ ಮಾಡದೆ ಕೊಡುವುದು. ಗಿರಣಿಗೆ ಮುಕ್ಕಾಲು ಪೈಸೆಗೆ ಗಳ ಕೊಟ್ಟವರು ಯಾರೋ ಸರ್ಕಾರದವರು, ಅದು ಹಳೆಯ ಕಾಲದ ಮಾತು ಎಂದು ಹೇಳಿಬಿಡಬಹುದು. ಬುಟ್ಟಿಯ ಬೆಲೆಯಲ್ಲಿ ಹತ್ತು ರೂಪಾಯಿ ಇಳಿಸುವಾಗ ಎದುರಿಗೆ ಕುಳಿತಿರುವವರು ಯಾರೆಂಬುದು ಮಾತ್ರ ಕಣ್ಣಿಗೇ ಕಾಣುತ್ತದೆ.