ನೋವಿಗೆ ಮೈಯೊಳಗಿನ ಮದ್ದು

ದೊಡ್ಡಬಳ್ಳಾಪುರದ ಬಳಿಯ ಬಾಶೆಟ್ಟಿಹಳ್ಳಿಯ ಕಾರ್ಖಾನೆಗಳಲ್ಲಿ ಹಗಲೆಲ್ಲ ನಿಂತು ದುಡಿದವರ ಸೊಂಟನೋವಿಗೂ ‘ಆನಂದ’ವೆಂಬ ಮಾತಿಗೂ ಏನು ನಂಟು? ವಾಚಕರು ನಗಬಹುದು. ಆದರೆ ನೋವನ್ನು ತಗ್ಗಿಸಲು ನಮ್ಮ ದೇಹವೇ ತಯಾರಿಸಿಕೊಳ್ಳುವ ಒಂದು ವಸ್ತುವಿಗೆ ವಿಜ್ಞಾನಿಗಳು ಇಟ್ಟಿರುವ ಹೆಸರು ಆನಂದಮೈಡ್.

ಈ ಕಥೆ ಮೊದಲಾಗುವುದು ಭಂಗಿಗಿಡದಿಂದ. ಕೀಲುವಾತದ ರೋಗಿಗಳಿಗೆ ಅದನ್ನು ಕೊಟ್ಟು ನೋಡಿದ ಐರಿಷ್ ವೈದ್ಯ ಓಶಾನೆಸಿ, 1839ರಲ್ಲಿ ಕಲ್ಕತ್ತೆಯಲ್ಲಿ ತನ್ನ ಅನುಭವವನ್ನು ಮುಂದಿಟ್ಟನು. ಗಿಡದ ಮುಖ್ಯ ಮಾದಕಾಂಶವನ್ನು 1964ರಲ್ಲಿ ಇಸ್ರೇಲಿನ ಮೆಕೋಲಮ್ ಮತ್ತು ಗಾವೋನಿ ಬೇರ್ಪಡಿಸಿದರು. ಅದು ಹೋಗಿ ಕೂರುವ ನೆಲೆಯನ್ನು 1988ರಲ್ಲಿ ಅಮೆರಿಕದ ಆಲಿನ್ ಹೌಲೆಟ್ ಅವರ ತಂಡವು ಇಲಿಯ ಮಿದುಳಿನಲ್ಲಿ ಕಂಡಿತು. ಬೀಗವಿದ್ದ ಮೇಲೆ ಬೀಗದ ಕೈಯೂ ದೇಹದಲ್ಲೇ ಇರಬೇಕಲ್ಲವೆ? 1992ರಲ್ಲಿ ಜೆರುಸಲೇಮಿನಲ್ಲಿ ಮೆಕೋಲಮ್ ಅವರ ತಂಡಕ್ಕೆ ಅದು ಹಂದಿಯ ಮಿದುಳಿನಲ್ಲಿ ದೊರೆಯಿತು. ತಂಡದ ಡಿವೇನ್ ಸಂಸ್ಕೃತದ ‘ಆನಂದ’ವನ್ನು ಆಯ್ದು ಅದಕ್ಕೆ ಹೆಸರಿಟ್ಟರು.

ನರದಿಂದ ನರಕ್ಕೆ ನೋವಿನ ಸುದ್ದಿ ಹರಿಯುವಾಗ, ಸುದ್ದಿ ಪಡೆದ ನರವೇ ಈ ಬಗೆಯ ವಸ್ತುವನ್ನು ಹಿಂದಕ್ಕೆ ಕಳುಹಿಸಿ ‘ಸಾಕು’ ಎನ್ನುತ್ತದೆ. ಕೆಲಸ ಮುಗಿದೊಡನೆ ಒಂದು ಕಿಣ್ವ ಆನಂದಮೈಡನ್ನು ಒಡೆದುಹಾಕುತ್ತದೆ.

ಆ ಕಿಣ್ವವನ್ನು ತಡೆದರೆ ನೋವು ಶಮನವಾದೀತೆಂಬ ಆಸೆಯಿಂದ ಔಷಧಗಳು ಹುಟ್ಟಿದವು. 2016ರಲ್ಲಿ ಫ್ರಾನ್ಸಿನ ರೆನ್ ನಗರದಲ್ಲಿ ಅಂತಹ ಒಂದನ್ನು ಆರೋಗ್ಯವಂತರ ಮೇಲೆ ಪರೀಕ್ಷಿಸುತ್ತಿದ್ದಾಗ ಒಬ್ಬರು ಮೃತಪಟ್ಟರು. ಆ ಔಷಧವು ಬೇರೆ ಕಿಣ್ವಗಳನ್ನೂ ತಡೆಯುತ್ತಿತ್ತೆಂದು ಮರುವರ್ಷ ತಿಳಿದುಬಂದಿತು.

ದೇಹವು ಈ ಮದ್ದನ್ನು ಬೇಕಾದೆಡೆ, ಬೇಕಾದಷ್ಟು, ಅರೆಗಳಿಗೆ ಮಾತ್ರ ಬಳಸುತ್ತದೆ. ಭಂಗಿಯ ಹೊಗೆಗೆ ಆ ಅಳತೆ ತಿಳಿಯದು. ಮನುಷ್ಯನ ಮಾತ್ರೆ ಅದನ್ನು ಇನ್ನೂ ಕಲಿಯುತ್ತಿದೆ.