ಬಂದೂಕಿನ ಹಕ್ಕು: ಹಲಗಲಿ, ಕೊಡಗು ಮತ್ತು ಒಂದು ಕಾಯ್ದೆ

ಹತ್ತನೇ ಕ್ಲಾಸಿನಾಗ ಹಲಗಲಿ ಬೇಡರ ಲಾವಣಿ ಓದಿದ್ದು ನೆನಪೈತಲ್ಲ? ಇವತ್ತು ಆ ಜಗಳದ ಹಿಂದಿದ್ದ ಕಾನೂನಿನ ಕಥೆ ಹೇಳ್ತೀನಿ.

1857. ಉತ್ತರದಲ್ಲಿ ಸಿಪಾಯಿಗಳು ದಂಗೆ ಎದ್ದಿದ್ದರು. ಬೆದರಿದ ಬ್ರಿಟಿಷರು ನಿಶ್ಶಸ್ತ್ರೀಕರಣ ಕಾಯ್ದೆ ತಂದರು. ಲೈಸೆನ್ಸ್ ಇಲ್ಲದೆ ಯಾರೂ ಆಯುಧ ಇಟ್ಟುಕೊಳ್ಳುವಂತಿಲ್ಲ. ಆ ಹುಕುಂ ರಾಯಬಾಗದ ಪೂರ್ವಕ್ಕಿದ್ದ ಮುಧೋಳ ಸಂಸ್ಥಾನಕ್ಕೂ ಬಂತು. ಅಲ್ಲಿನ ಹಲಗಲಿಯ ಬೇಡರಿಗೆ ಆಯುಧ ಅಂದ್ರೆ ಬರೀ ಶೋಕಿ ಅಲ್ಲ. ಬೇಟೆ, ಕಾವಲು, ಮರ್ಯಾದೆ ಎಲ್ಲಾ ಅದೇ. 'ಕೊಡಂಗಿಲ್ಲ' ಅಂದ್ರು. ನವೆಂಬರ್ ಕೊನೆಯಲ್ಲಿ ಸೈನ್ಯ ಬಂತು, ಊರಿಗೆ ಬೆಂಕಿ ಬಿತ್ತು. ಸುಮಾರು ನೂರು ಜನ ಸತ್ತರು. ಸೆರೆಸಿಕ್ಕವರಲ್ಲಿ 19 ಜನರನ್ನು ಡಿಸೆಂಬರ್‌ನಲ್ಲಿ ಗಲ್ಲಿಗೇರಿಸಿದರು. ಮುಧೋಳದಲ್ಲಿ 13, ಹಲಗಲಿಯಲ್ಲೇ 6.

ಈಗ ಕೊಡಗಿಗೆ ಬರೋಣ. ಅದೇ ಕಾಯ್ದೆ, ಆದರೆ 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ಅದರಿಂದ ವಿನಾಯಿತಿ ಕೊಟ್ಟ. ಕಾರಣ, ಸರ್ಕಾರಕ್ಕೆ ತೋರಿದ ನಿಷ್ಠೆ. ಒಂದೇ ಕಾಯ್ದೆ ಒಂದೂರಿಗೆ ಗಲ್ಲು, ಇನ್ನೊಂದಕ್ಕೆ ರಿಯಾಯಿತಿ! ಆ ವಿನಾಯಿತಿ ಇವತ್ತಿಗೂ ಐತಿ. 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿತು. ಪ್ರಶ್ನೆ ಮಾಡಿದ ಅರ್ಜಿಯನ್ನು 2021ರಲ್ಲಿ ಕರ್ನಾಟಕ ಹೈಕೋರ್ಟ್ ವಜಾ ಮಾಡಿತು.

ಹಂಗಾದ್ರೆ ಎಲ್ಲರಿಗೂ ಹಕ್ಕು ಅಂತ ಯಾರೂ ಕೇಳಲಿಲ್ಲವಾ? ಕೇಳಿದರು. ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್, 1948ರ ಡಿಸೆಂಬರ್‌ನಲ್ಲಿ, ಆಯುಧ ಇಟ್ಟುಕೊಳ್ಳುವುದನ್ನು ಮೂಲಭೂತ ಹಕ್ಕುಗಳಲ್ಲಿ ಸೇರಿಸಿ ಎಂದು ಸಂವಿಧಾನ ಸಭೆಯಲ್ಲಿ ತಿದ್ದುಪಡಿ ತಂದರು. ವಿರೋಧಿಸಿದವರು ಅಂಬೇಡ್ಕರ್. 1925ರಲ್ಲಿ ನಮ್ಮ ನಿಪ್ಪಾಣಿಯ ಪರಿಷತ್ತಿಗೆ ಬಂದಿದ್ದ ಅದೇ ಅಂಬೇಡ್ಕರ್! ಹಕ್ಕು ಅಂತ ಬರೆದರೆ ಕಳ್ಳ-ದರೋಡೆಕೋರರೂ ಕೇಳ್ತಾರೆ ಅನ್ನೋದು ಅವರ ವಾದ. ತಿದ್ದುಪಡಿ ಬಿದ್ದುಹೋಯಿತು.

ಹಂಗಾಗಿ ಇಲ್ಲಿ ಬಂದೂಕು ಹಕ್ಕಲ್ಲ, ಪರವಾನಗಿ. ಮೂರು ದಾರಿ ನೋಡಿದೆವು: ಹಲಗಲಿ ಹೋರಾಡಿತು, ಕೊಡಗು ವಿನಾಯಿತಿ ಪಡೆಯಿತು, ಕಾಮತ್ ಸಂವಿಧಾನದಲ್ಲೇ ಬರೆಸಲು ನೋಡಿದರು. ಉಳಿದದ್ದು ಎರಡನೆಯದು ಮಾತ್ರ.

ಆದ್ರೆ 1857ಕ್ಕೂ ಇವತ್ತಿಗೂ ಒಂದು ದೊಡ್ಡ ಫರಕ್ಕು ಐತಿ. ಬೇಡರಿಗೆ 'ಯಾಕೆ' ಅಂತ ಕೇಳುವ ಅವಕಾಶವೇ ಇರಲಿಲ್ಲ. 1959ರ ಆಯುಧ ಕಾಯ್ದೆಯ ಪ್ರಕಾರ, ಅರ್ಜಿ ತಿರಸ್ಕರಿಸಿದ ಅಧಿಕಾರಿ ಕಾರಣವನ್ನು ಬರೆದಿಡಬೇಕು, ಕೇಳಿದರೆ ಸಾಮಾನ್ಯವಾಗಿ ಕೊಡಬೇಕು. ಮೇಲ್ಮನವಿಗೂ ದಾರಿ ಐತಿ. ಹೊಲ ಕಾಯಾಕ ಲೈಸೆನ್ಸ್ ಕೇಳೋ ನಮ್ಮ ರೈತ ಇದನ್ನ ತಿಳ್ಕೊಂಡಿರಬೇಕು. ಮದುವೆ ಮೆರವಣಿಗೆಯಾಗ ಜೀವಕ್ಕೆ ಅಪಾಯ ಆಗುವಂಗ ಗುಂಡು ಹಾರಿಸಿದರೆ ಮಾತ್ರ, 2019ರ ತಿದ್ದುಪಡಿಯ ಪ್ರಕಾರ ಎರಡು ವರ್ಷದವರೆಗೆ ಜೈಲು. ರೀಲ್ಸ್ ಮಾಡೋ ತಮ್ಮಂದಿರೇ, ಅದೂ ನೆನಪಿರಲಿ.

ಮುಂದಿನ ವಾರ ಸಿಗೋಣ್ರಿ.